ಲಿನಕ್ಸ್ ಫೈರ್‌ವಾಲ್‌ಗೆ ನೆಟ್‌ವರ್ಕ್ ಕಾರ್ಡ್ ಆರಿಸುವುದು: ಡಬ್ಬ ಬಿಡಿ, ಚಿಪ್ ನೋಡಿ

ಪರಿಚಯದವರ ಸಣ್ಣ ಲೆಕ್ಕಪತ್ರದ ಕಚೇರಿ. ಹನ್ನೆರಡು ಜನ ಕೆಲಸ ಮಾಡುತ್ತಾರೆ. ಒಂದು ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ ಫೈರ್‌ವಾಲ್ (ಕಚೇರಿಯ ಜಾಲಕ್ಕೂ ಇಂಟರ್‌ನೆಟ್‌ಗೂ ನಡುವೆ ಕೂತು ಕಾಯುವ ರೂಟರ್) ಮಾಡಿಕೊಟ್ಟಿದ್ದವನು ನಾನೇ. ಸುಮಾರು ಆರು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಮಧ್ಯಾಹ್ನದ ಹೊತ್ತಿಗೆ ಇಂಟರ್‌ನೆಟ್ ಹೋಗಲು ಶುರುವಾಯಿತು. ಅದೂ ಜಿಎಸ್‌ಟಿ ರಿಟರ್ನ್ ತುಂಬುವ 20ನೇ ತಾರೀಕಿನ ಆಸುಪಾಸಿನಲ್ಲಿ ಜಾಸ್ತಿ. ಪ್ಲಗ್ ಕಿತ್ತು ಮತ್ತೆ ಹಾಕಿದರೆ ಸರಿಯಾಗುತ್ತಿತ್ತು. ಮೂರು ವಾರ ಇಂಟರ್‌ನೆಟ್ ಕೊಡುವವರನ್ನು ಬೈದೆವು. ಕೇಬಲ್ ಬದಲಾಯಿಸಿದೆವು, ಸ್ವಿಚ್ ಬದಲಾಯಿಸಿದೆವು. ಕೊನೆಗೆ ಒಂದು ಮಧ್ಯಾಹ್ನ ಮಾನಿಟರ್ ಸಿಕ್ಕಿಸಿ ಕರ್ನಲ್ ಲಾಗ್ (ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ದಿನಚರಿ) ನೋಡಿದರೆ ಒಂದೇ ಸಾಲು ಹತ್ತಾರು ಸಲ ಬಂದಿತ್ತು: ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್. ನಾನೇ ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಕಿದ ಕಾರ್ಡ್ ಕೈಕೊಟ್ಟಿತ್ತು.

ಆ ಕಾರ್ಡಿನ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ. ಅದೇ ಹೆಸರಿನ ಡಬ್ಬದಲ್ಲಿ ಈ ವರ್ಷ ಒಂದು ಚಿಪ್ ಇರುತ್ತದೆ, ಮುಂದಿನ ವರ್ಷ ಇನ್ನೊಂದು. ಡಬ್ಬದ ಮೇಲಿನ ಹೆಸರನ್ನು ಲಿನಕ್ಸ್ ನೋಡುವುದೇ ಇಲ್ಲ. ಅದು ನೋಡುವುದು ಚಿಪ್ಪನ್ನು. ಆ ಚಿಪ್ಪಿಗೆ ಕರ್ನಲ್‌ನಲ್ಲಿ ಎಂಥ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಇದೆ ಅನ್ನುವುದರ ಮೇಲೆ ನಿಮ್ಮ ನೆಮ್ಮದಿ ನಿಂತಿದೆ. ಹಾಗಾಗಿ ಕಾರ್ಡ್ ಕೊಳ್ಳುವ ಮೊದಲು ಏನೇನು ನೋಡಬೇಕು, ತಂದ ಮೇಲೆ ಹೇಗೆ ಪರೀಕ್ಷೆ ಮಾಡಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಮೊದಲು ಒಂದು ಲೆಕ್ಕ

ಡೆಸ್ಕ್‌ಟಾಪ್‌ನಲ್ಲಿ ತಕರಾರಿಲ್ಲದೆ ನಡೆಯುವ ಕಾರ್ಡ್ ರೂಟರ್‌ನಲ್ಲಿ ಯಾಕೆ ಕೈಕೊಡುತ್ತದೆ? ಡೆಸ್ಕ್‌ಟಾಪ್‌ಗೆ ದಿನದ ಬಹುಪಾಲು ಸುಮ್ನೆ ಕೂತಿರುವುದೇ ಕೆಲಸ. ರೂಟರ್ ಹಾಗಲ್ಲ. ಒಂದು ಬದಿಯಲ್ಲಿ ಬಂದ ಪ್ರತಿ ಪ್ಯಾಕೆಟ್ಟನ್ನೂ (ಡೇಟಾದ ಒಂದೊಂದು ತುಣುಕನ್ನೂ) ಇನ್ನೊಂದು ಬದಿಯಿಂದ ಕಳಿಸಬೇಕು. ಎರಡು ಕಾರ್ಡೂ ಒಟ್ಟಿಗೆ ದುಡಿಯುತ್ತವೆ, ಹಗಲು ರಾತ್ರಿ.

ವೇಗ ಅಂದರೆ ನಾವು ಗಿಗಾಬಿಟ್ ಲೆಕ್ಕ ಹಾಕುತ್ತೇವೆ. ರೂಟರ್‌ಗೆ ಕಷ್ಟ ಕೊಡುವುದು ಬಿಟ್ ಅಲ್ಲ, ಪ್ಯಾಕೆಟ್. ದೊಡ್ಡ ಪ್ಯಾಕೆಟ್‌ಗಳೇ ಬಂದರೆ ಒಂದು ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 81 ಸಾವಿರ ಪ್ಯಾಕೆಟ್ ಹಿಡಿಸುತ್ತವೆ. ಅದೇ ತಂತಿಯಲ್ಲಿ 64 ಬೈಟ್‌ನ ಚಿಕ್ಕ ಫ್ರೇಮ್‌ಗಳೇ ಬಂದರೆ ಸೆಕೆಂಡಿಗೆ 14,88,095. ಹದಿನೆಂಟು ಪಟ್ಟು. ವಿಡಿಯೋ ಡೌನ್‌ಲೋಡ್ ಆಗುವಾಗ ದೊಡ್ಡ ಪ್ಯಾಕೆಟ್ ಬರುತ್ತವೆ. ಫೋನ್ ಕರೆ, ಆನ್‌ಲೈನ್ ಆಟ, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕುವುದು), ಟಿಸಿಪಿಯ ಸ್ವೀಕೃತಿಗಳು (ಡೇಟಾ ತಲುಪಿತು ಅನ್ನುವ ಮರುಉತ್ತರಗಳು), ಇವೆಲ್ಲ ಚಿಕ್ಕವು. ಹನ್ನೆರಡು ಜನ ಒಟ್ಟಿಗೆ ಕೂತ ಕಚೇರಿಯಲ್ಲಿ ಎರಡೂ ಕಲಸಿಕೊಂಡು ಬರುತ್ತವೆ. ಅಗ್ಗದ ಕಾರ್ಡ್ ಸ್ಪೀಡ್ ಟೆಸ್ಟ್‌ನಲ್ಲಿ ಪಾಸಾಗಿ ಸೋಮವಾರ ಬೆಳಗ್ಗೆ ಫೇಲಾಗುವುದು ಇದಕ್ಕೇ.

ಹಳೆಯ ಆರ್‌ಟಿಎಲ್8139 ಚಿಪ್ ಇದಕ್ಕೆ ಒಳ್ಳೆಯ ಉದಾಹರಣೆ. 100 ಮೆಗಾಬಿಟ್ ಕಾಲದಲ್ಲಿ ಅದಿಲ್ಲದ ಕಂಪ್ಯೂಟರ್ ಅಂಗಡಿ ಇರಲಿಲ್ಲ. ಅದು ಬಂದ ಪ್ಯಾಕೆಟ್ಟನ್ನು ಕರ್ನಲ್‌ಗೆ ಬೇಕಾದ ಜಾಗದಲ್ಲಿ ನೇರವಾಗಿ ಇಡುವುದಿಲ್ಲ. ಎಲ್ಲವನ್ನೂ ಒಂದೇ ಉದ್ದದ ಬಫರ್‌ಗೆ ಸುರಿಯುತ್ತದೆ. ಅಲ್ಲಿಂದ ಒಂದೊಂದನ್ನೂ ಪ್ರೊಸೆಸರ್ ಕಾಪಿ ಮಾಡಿಕೊಳ್ಳಬೇಕು. ಒಬ್ಬರ ಕಂಪ್ಯೂಟರ್‌ಗೆ ನಡೆಯುತ್ತದೆ. ರೂಟರ್‌ನಲ್ಲಿ ಪ್ರೊಸೆಸರ್ ಮೂಟೆ ಹೊರುವುದರಲ್ಲೇ ಸುಸ್ತಾಗುತ್ತದೆ. ಒಳ್ಳೆಯ ಚಿಪ್ ಅಂದರೆ ಈ ಮೂಟೆ ಹೊರುವ ಕೆಲಸವನ್ನು ತಾನೇ ಮಾಡುವುದು. ಬಂದ ಪ್ಯಾಕೆಟ್‌ಗಳನ್ನು ಹಲವು ಸಾಲುಗಳಿಗೆ (ಕ್ಯೂಗಳಿಗೆ) ಹಂಚಿ ಬೇರೆ ಬೇರೆ ಕೋರ್‌ಗಳಿಗೆ ಕೊಡುವುದು. ಪ್ರತಿ ಪ್ಯಾಕೆಟ್‌ಗೂ ಪ್ರೊಸೆಸರ್ ಬಾಗಿಲು ಬಡಿಯದೆ ಇರುವುದು.

ಹೆಜ್ಜೆ 1: ನಿಮಗೆ ಬೇಕಾಗಿರುವುದು ಎಷ್ಟು?

ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಲೈನಿನ ವೇಗ ಎಷ್ಟು, ಮುಂದಿನ ಮೂರು ನಾಲ್ಕು ವರ್ಷದಲ್ಲಿ ಎಷ್ಟಾಗಬಹುದು, ಎಷ್ಟು ಪ್ರತ್ಯೇಕ ಜಾಲ ಬೇಕು. ಮನೆಗೆ ಎರಡು ಪೋರ್ಟ್ ಸಾಕು: ಒಂದು ಹೊರಗೆ, ಒಂದು ಒಳಗೆ. ಕಚೇರಿಗೆ ಸಾಮಾನ್ಯವಾಗಿ ನಾಲ್ಕು. ಎರಡು ಬೇರೆ ಬೇರೆ ಇಂಟರ್‌ನೆಟ್ ಲೈನ್, ಒಳಗಿನ ಜಾಲ, ಅತಿಥಿಗಳ ಅಥವಾ ಕ್ಯಾಮೆರಾಗಳ ಜಾಲ.

ಇಲ್ಲಿ ಒಂದು ಅಡ್ಡದಾರಿ ಇದೆ. ನನ್ನ ಅನುಭವದಲ್ಲಿ ತುಂಬಾ ಜನ ಇದನ್ನು ಮರೆಯುತ್ತಾರೆ. ವಿಎಲ್ಎಎನ್ (ಒಂದೇ ತಂತಿಯಲ್ಲಿ ಹಲವು ಜಾಲಗಳನ್ನು ಬೇರೆ ಬೇರೆಯಾಗಿ ಸಾಗಿಸುವ ವಿಧಾನ) ಗೊತ್ತಿರುವ ಒಂದು ಸಣ್ಣ ಮ್ಯಾನೇಜ್ಡ್ ಸ್ವಿಚ್ ಇದ್ದರೆ ಒಂದೇ ಒಂದು ಒಳ್ಳೆಯ ಪೋರ್ಟ್ ಸಾಕು. ಹೊರಗಿನ ಲೈನ್ ಒಂದು ವಿಎಲ್ಎಎನ್, ಒಳಗಿನದು ಇನ್ನೊಂದು. ಎರಡೂ ಅದೇ ತಂತಿಯಲ್ಲಿ ಹೋಗಿಬರುತ್ತವೆ. ತಂತಿಯಲ್ಲಿ ಎರಡೂ ದಿಕ್ಕಿಗೆ ಬೇರೆ ಬೇರೆ ಗಿಗಾಬಿಟ್ ಇರುವುದರಿಂದ 300 ಅಥವಾ 500 ಎಂಬಿಪಿಎಸ್ ಲೈನ್‌ಗೆ ಇದು ಆರಾಮಾಗಿ ಆಗುತ್ತದೆ. ಕೆಟ್ಟ ಕಾರ್ಡ್ ಎರಡು ಹಾಕುವ ಬದಲು ಒಳ್ಳೆಯದು ಒಂದು ಹಾಕಿ ಸ್ವಿಚ್‌ಗೆ ದುಡ್ಡು ಕೊಡಿ ಅಂತ ನಾನು ಹೇಳುತ್ತೇನೆ. ಸ್ವಿಚ್‌ನ ಸೆಟ್ಟಿಂಗ್ ತಪ್ಪಿದರೆ ಮಾತ್ರ ಒಳಗಿನ ಜಾಲ ನೇರ ಹೊರಗೆ ತೆರೆದುಕೊಳ್ಳುತ್ತದೆ. ಅಷ್ಟು ಎಚ್ಚರ ಇರಬೇಕು.

ಲೈನ್ ಪಿಪಿಪಿಒಇ ಆಗಿದೆಯಾ ಅನ್ನುವುದನ್ನೂ ಬರೆದುಕೊಳ್ಳಿ. ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಲೈನ್ ಅಂದರೆ ಅದೇ. ಬಿಎಸ್‌ಎನ್‌ಎಲ್ ಫೈಬರ್ ಹೀಗೆಯೇ, ಊರಿನ ಎಷ್ಟೋ ಕೇಬಲ್‌ನವರದ್ದೂ ಹೀಗೆಯೇ. ಕಾರ್ಡಿನ ಆಯ್ಕೆಗೆ ಇದು ಯಾಕೆ ಮುಖ್ಯ ಅಂತ ಮುಂದೆ ಬರುತ್ತದೆ.

ಹೆಜ್ಜೆ 2: ಸ್ಲಾಟ್ ನೋಡಿ

ಕೇಸ್ ಬಿಚ್ಚಿ. ಬಿಚ್ಚದೆ ಕಾರ್ಡ್ ತಂದು ವಾಪಸ್ ಕೊಡಲು ಅಲೆದವರನ್ನು ನೋಡಿದ್ದೇನೆ.

ಉದ್ದನೆಯ ಬಿಳಿ ಬಣ್ಣದ ಹಳೆಯ ಪಿಸಿಐ ಸ್ಲಾಟ್ ಮಾತ್ರ ಇದ್ದರೆ ಆ ಪೆಟ್ಟಿಗೆಯನ್ನು ಗಿಗಾಬಿಟ್ ರೂಟರ್ ಮಾಡುವ ಆಸೆ ಬಿಡಿ. ಆ ಬಸ್ಸಿನ (ಸ್ಲಾಟ್‌ಗಳೆಲ್ಲ ಡೇಟಾ ಕಳಿಸುವ ದಾರಿಯ) ಒಟ್ಟು ಶಕ್ತಿಯೇ ಸೆಕೆಂಡಿಗೆ 133 ಮೆಗಾಬೈಟ್. ಅದನ್ನೇ ಎಲ್ಲ ಕಾರ್ಡ್‌ಗಳೂ ಹಂಚಿಕೊಳ್ಳಬೇಕು. ಒಂದು ಗಿಗಾಬಿಟ್ ಪೋರ್ಟ್ ಎರಡೂ ದಿಕ್ಕಿಗೆ ತುಂಬಿ ಓಡಿದರೆ 250 ಮೆಗಾಬೈಟ್ ಬೇಕು. 100 ಎಂಬಿಪಿಎಸ್ ಲೈನ್‌ಗಾದರೆ ಪರವಾಗಿಲ್ಲ.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಲೆಕ್ಕ ಬೇರೆ. ಎರಡನೇ ತಲೆಮಾರಿನ ಒಂದು ಲೇನ್ (ಡೇಟಾ ಹೋಗಿಬರುವ ದಾರಿ) ಪ್ರತಿ ದಿಕ್ಕಿಗೂ 500 ಮೆಗಾಬೈಟ್ ಕೊಡುತ್ತದೆ. ಎರಡು ಗಿಗಾಬಿಟ್ ಪೋರ್ಟ್‌ಗೆ ಧಾರಾಳ. ನಾಲ್ಕು ಪೋರ್ಟಿನ ಕಾರ್ಡ್‌ಗಳು ಸಾಮಾನ್ಯವಾಗಿ ನಾಲ್ಕು ಲೇನಿನವು. ಅವು ಒಂದು ಲೇನಿನ ಚಿಕ್ಕ ಸ್ಲಾಟ್‌ನಲ್ಲಿ ಕೂರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಇಟ್ಟಿರುವ ಉದ್ದನೆಯ ಸ್ಲಾಟ್‌ನಲ್ಲಿ ಕೂರುತ್ತವೆ. ಫೈರ್‌ವಾಲ್‌ಗೆ ಗ್ರಾಫಿಕ್ಸ್ ಕಾರ್ಡ್ ಯಾಕೆ ಬೇಕು, ಅಲ್ವಾ? ಅಲ್ಲೇ ಹಾಕಿ. ಕೆಲವು ಹಳೆಯ ಬ್ರಾಂಡೆಡ್ ಪೆಟ್ಟಿಗೆಗಳಲ್ಲಿ ಮಾತ್ರ ಆ ಸ್ಲಾಟ್ ಬೇರೆ ಕಾರ್ಡ್‌ಗಳನ್ನು ಒಪ್ಪುವುದಿಲ್ಲ.

ಹಿಂಬದಿಯ ಲೋಹದ ಪಟ್ಟಿ ಇನ್ನೊಂದು ತಲೆನೋವು. ತೆಳ್ಳನೆಯ ಕೇಸ್‌ಗೆ 8 ಸೆಂಟಿಮೀಟರ್‌ನ ಗಿಡ್ಡ ಪಟ್ಟಿ, ದೊಡ್ಡ ಕೇಸ್‌ಗೆ 12 ಸೆಂಟಿಮೀಟರ್‌ನದು. ಸರ್ವರ್‌ನಿಂದ ಕಳಚಿದ ಕಾರ್ಡ್‌ಗಳಿಗೆ ಯಾವುದೋ ಒಂದೇ ಇರುತ್ತದೆ. ಕೇಳಿ ತೆಗೆದುಕೊಳ್ಳಿ. ಪಟ್ಟಿ ಇಲ್ಲದೆ ಕೂರಿಸಿದರೆ ಪ್ರತಿ ಸಲ ಕೇಬಲ್ ಎಳೆದಾಗ ಕಾರ್ಡ್ ಅಲುಗಾಡುತ್ತದೆ. ಅದೇ ಮುಂದೆ ಅರ್ಥವಾಗದ ಕಾಯಿಲೆಯಾಗುತ್ತದೆ.

ಸರ್ವರ್ ಕಾರ್ಡ್‌ಗಳಲ್ಲಿ ಇನ್ನೊಂದು ಬಲೆ ಇದೆ. ಎಚ್‌ಪಿಯ 366ಟಿ ಮಾಮೂಲಿ ಸ್ಲಾಟ್‌ಗೆ ಕೂರುತ್ತದೆ. 366ಎಫ್‌ಎಲ್‌ಆರ್ ಅನ್ನುವುದು ಕೂರುವುದಿಲ್ಲ, ಅದಕ್ಕೆ ಆ ಸರ್ವರಿನದೇ ಕನೆಕ್ಟರ್ ಬೇಕು. ಬೆಲೆ ಅರ್ಧಕ್ಕರ್ಧ ಕಮ್ಮಿ ಇದೆ ಅಂತ ಖುಷಿಪಟ್ಟು ತಂದರೆ ಮೇಜಿನ ಮೇಲೆ ಶೋಪೀಸ್ ಆಗುತ್ತದೆ.

ಹೆಜ್ಜೆ 3: ಚಿಪ್ ಆರಿಸಿ

ಇದೇ ಮುಖ್ಯ. ನಿಧಾನಕ್ಕೆ ಓದಿ.

ಕಣ್ಣು ಮುಚ್ಚಿ ಒಂದನ್ನು ಹೇಳು ಅಂದರೆ ನಾನು ಹೇಳುವುದು ಇಂಟೆಲ್‌ನ ಐಜಿಬಿ ಡ್ರೈವರ್ ಅಡಿಯಲ್ಲಿ ಬರುವ ಚಿಪ್‌ಗಳನ್ನು. 82576, 82580, ಐ350, ಐ210, ಐ211 ಎಲ್ಲವೂ ಈ ಕುಟುಂಬದವು. ಡ್ರೈವರ್ ಕರ್ನಲ್ ಒಳಗೇ ಇದೆ, ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ. ನಾಲ್ಕು ಪೋರ್ಟ್ ಬೇಕಾದರೆ ಐ350-ಟಿ4, ಎರಡು ಬೇಕಾದರೆ ಐ350-ಟಿ2. 2011ರ ವಿನ್ಯಾಸ, ಹಳೆಯದು. ಇಂಥ ಕೆಲಸದಲ್ಲಿ ಹಳೆಯದು ಅಂದರೆ ಒಳ್ಳೆಯದೇ. ಅದರ ಹುಳುಕೆಲ್ಲ ಯಾರೋ ಆಗಲೇ ಅನುಭವಿಸಿ, ವರದಿ ಮಾಡಿ, ಸರಿಯಾಗಿದೆ. ಪ್ರತಿ ಪೋರ್ಟಿಗೂ ಎಂಟು ಸಾಲುಗಳಿವೆ. ಐ210ಗೆ ನಾಲ್ಕು, ಐ211ಗೆ ಎರಡು. ಮನೆಗೆ ಐ211 ಕೂಡ ಸಾಕು.

ಎಚ್‌ಪಿ ಹೆಸರಿನ 366ಟಿ ಒಳಗೆ ಇರುವುದು ಇದೇ ಐ350. ಎನ್‌ಸಿ365ಟಿ ಒಳಗೆ 82580. ಹೀಗೆ ಬೇರೆ ಹೆಸರಿನಲ್ಲಿ ಇಂಟೆಲ್ ಚಿಪ್ ಸಿಗುತ್ತದೆ, ಬೆಲೆಯೂ ಕಮ್ಮಿ. ಎನ್‌ಸಿ364ಟಿ ಅಂತಲೂ ಒಂದು ಇದೆ. ಅದರಲ್ಲಿರುವುದು 82571, ಇ1000ಇ ಡ್ರೈವರ್‌ನದು. ಬಿಸಿ ಜಾಸ್ತಿ, ಪ್ರತಿ ಪೋರ್ಟಿಗೂ ಒಂದೇ ಸಾಲು. ಪುಕ್ಕಟೆ ಸಿಕ್ಕಿದರೆ ಹಾಕಿ, ದುಡ್ಡು ಕೊಟ್ಟು ಬೇಡ.

ಇಂಟೆಲ್ ಅಂದಮಾತ್ರಕ್ಕೆ ಎಲ್ಲವೂ ಬಂಗಾರ ಅಲ್ಲ. ಇ1000ಇ ಡ್ರೈವರ್‌ನದೇ ಐ217, ಐ219 ಚಿಪ್‌ಗಳು ಎಷ್ಟೋ ಮದರ್‌ಬೋರ್ಡ್‌ಗಳಲ್ಲಿವೆ. ಭಾರ ಬಿದ್ದಾಗ 'ಡಿಟೆಕ್ಟೆಡ್ ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್' ಅಂತ ಲಾಗ್‌ನಲ್ಲಿ ಬರೆದು ನಿಲ್ಲುವುದು ಇವುಗಳ ಹಳೆಯ ಚಾಳಿ. ಟಿಎಸ್‌ಒ, ಜಿಎಸ್‌ಒ (ಕಳಿಸುವ ಡೇಟಾವನ್ನು ದೊಡ್ಡ ತುಂಡಾಗಿ ಇಟ್ಟು ಕೊನೆಗೆ ಪ್ಯಾಕೆಟ್‌ಗಳಾಗಿ ಒಡೆಯುವ ಸೌಲಭ್ಯಗಳು) ಎರಡನ್ನೂ ಆಫ್ ಮಾಡಿದರೆ ಬಹಳಷ್ಟು ಕಡೆ ಸರಿಹೋಗುತ್ತದೆ. ನಾನು ಈ ಪೋರ್ಟನ್ನು ಮ್ಯಾನೇಜ್‌ಮೆಂಟ್‌ಗೆ ಬಿಟ್ಟುಬಿಡುತ್ತೇನೆ. 82574ಎಲ್ ಒಳ್ಳೆಯ ಚಿಪ್. ಆದರೆ 2013ರಲ್ಲಿ ಅದೂ ಸುದ್ದಿಯಾಯಿತು. ಪ್ಯಾಕೆಟ್ ಒಳಗೆ ಒಂದು ನಿಗದಿತ ಜಾಗದಲ್ಲಿ ನಿಗದಿತ ಬೈಟ್ ಬಂದರೆ ಕಾರ್ಡ್ ಪೂರ್ತಿ ಸತ್ತುಹೋಗುತ್ತಿತ್ತು. ಕರೆಂಟ್ ತೆಗೆದು ಹಾಕುವ ತನಕ ಏಳುತ್ತಿರಲಿಲ್ಲ. ತಪ್ಪು ಚಿಪ್‌ನದಲ್ಲ, ಒಂದು ಬೋರ್ಡ್ ತಯಾರಕರು ಅದರ ಇಇಪ್ರಾಮ್‌ಗೆ (ಸೆಟ್ಟಿಂಗ್ ಉಳಿಸಿಡುವ ಮೆಮೊರಿಗೆ) ತಪ್ಪು ಡೇಟಾ ಬರೆದಿದ್ದರು ಅಂತ ಇಂಟೆಲ್ ಹೇಳಿತು. ಚಿಪ್ ಚೆನ್ನಾಗಿದ್ದರೂ ಬೋರ್ಡ್ ಮಾಡಿದವರು ಕೆಡಿಸಬಹುದು.

ಈಗ 2.5 ಗಿಗಾಬಿಟ್‌ನ ಕಾಲ. ಚೀನಾದಿಂದ ಬರುವ ಫ್ಯಾನ್ ಇಲ್ಲದ ಪುಟ್ಟ ಪೆಟ್ಟಿಗೆಗಳಲ್ಲಿ ನಾಲ್ಕು ಐ225-ವಿ ಅಥವಾ ಐ226-ವಿ ಇರುತ್ತವೆ. ಡ್ರೈವರ್ ಐಜಿಸಿ. ಐ225ರ ಮೊದಲ ಆವೃತ್ತಿಗಳಲ್ಲಿ ಚಿಪ್ಪಿನಲ್ಲೇ ದೋಷವಿತ್ತು. ಎರಡು ಪ್ಯಾಕೆಟ್‌ಗಳ ನಡುವೆ ಬಿಡಬೇಕಾದ ಅಂತರ ಸರಿಯಾಗಿ ಬಿಡದೆ, ಕೆಲವು ಸ್ವಿಚ್‌ಗಳ ಜೊತೆ 2.5 ಗಿಗಾಬಿಟ್‌ನಲ್ಲಿ ಪ್ಯಾಕೆಟ್ ಬಿದ್ದುಹೋಗುತ್ತಿದ್ದವು. ಬಿ3 ಆವೃತ್ತಿಯಲ್ಲಿ ಸರಿಯಾಯಿತು. ಎಲ್‌ಎಸ್‌ಪಿಸಿಐ (ಕಾರ್ಡ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟಾಗ ಬರುವ ಸಾಲಿನ ಕೊನೆಯಲ್ಲಿ ರೆವ್ 03 ಅಂತ ಇದ್ದರೆ ಅದು ಬಿ3. 01, 02 ಇದ್ದರೆ ಬೇಡ ಅನ್ನಿ. ಐ226ರಲ್ಲಿ ಆ ದೋಷ ಇಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಮಾತ್ರ 'ಪಿಸಿಐಇ ಲಿಂಕ್ ಲಾಸ್ಟ್' ಅಂತ ಬರೆದು ಪೋರ್ಟೇ ಮಾಯವಾಗುವುದುಂಟು. ಕರೆಂಟ್ ಉಳಿಸುವ ಎಎಸ್‌ಪಿಎಂ ಅನ್ನು ಬಯಾಸ್‌ನಲ್ಲೋ ಕರ್ನಲ್ ಸಾಲಿನಲ್ಲೋ ಆಫ್ ಮಾಡುವುದು ಇದಕ್ಕೆ ಮೊದಲ ಮದ್ದು.

ರಿಯಲ್‌ಟೆಕ್ ಬಗ್ಗೆ ಒಂದು ಮಾತು. ಎಲ್ಲಿ ಕೇಳಿದರೂ ಅದನ್ನು ಬೈಯುವವರೇ ಜಾಸ್ತಿ. ಬೈಗುಳದ ದೊಡ್ಡ ಪಾಲು ಬರುವುದು ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಅನ್ನುವ ಫೈರ್‌ವಾಲ್ ತಂತ್ರಾಂಶ ಬಳಸುವವರಿಂದ. ಅವೆರಡೂ ಲಿನಕ್ಸ್ ಅಲ್ಲ, ಫ್ರೀಬಿಎಸ್‌ಡಿ. ಡ್ರೈವರ್ ಬೇರೆ, ಕಷ್ಟವೂ ಬೇರೆ. ಲಿನಕ್ಸ್‌ನ ಆರ್8169 ಡ್ರೈವರ್ ವರ್ಷಗಳಿಂದ ಸುಧಾರಿಸುತ್ತಾ ಬಂದಿದೆ. 5.4 ಕರ್ನಲ್‌ನಿಂದ 2.5 ಗಿಗಾಬಿಟ್‌ನ ಆರ್‌ಟಿಎಲ್8125 ಕೂಡ ಅದರಲ್ಲೇ ಇದೆ. ಮನೆಯ 100-200 ಎಂಬಿಪಿಎಸ್ ಲೈನ್‌ಗೆ ಆರ್‌ಟಿಎಲ್8111 ಇರುವ ಪೆಟ್ಟಿಗೆ ನಿಮ್ಮ ಬಳಿ ಆಗಲೇ ಇದ್ದರೆ ಎಸೆಯಬೇಡಿ, ಓಡಿಸಿ ನೋಡಿ. ಹೊಸದಾಗಿ ಕೊಳ್ಳುವಾಗ ಕಚೇರಿಗೆ ನಾನು ತರುವುದಿಲ್ಲ. ಒಂದೇ ಅಂಕಿಯ ಚಿಪ್‌ನಲ್ಲಿ ಹತ್ತಾರು ಆವೃತ್ತಿಗಳಿವೆ. ನಿಮ್ಮ ಕೈಗೆ ಯಾವುದು ಬರುತ್ತದೋ ಗೊತ್ತಾಗುವುದಿಲ್ಲ. ಇನ್ನು, ಕಂಪನಿಯದೇ ಆರ್8168 ಡ್ರೈವರನ್ನು ಹೊರಗಿನಿಂದ ತಂದು ಹಾಕಿದರೆ ಸರಿಹೋಗುತ್ತದೆ ಅಂತ ಸಲಹೆ ಸಿಗುತ್ತದೆ. ಫೈರ್‌ವಾಲ್‌ನಲ್ಲಿ ಇದು ಅಪಾಯ. ಕರ್ನಲ್ ಅಪ್‌ಡೇಟ್ ಆದ ರಾತ್ರಿ ಆ ಡ್ರೈವರ್ ಹೊಸ ಕರ್ನಲ್‌ಗೆ ಕಂಪೈಲ್ ಆಗದೆ ಹೋದರೆ, ಸರಿ ಮಾಡಲು ದೂರದಿಂದ ಒಳಗೆ ಬರುವ ದಾರಿಯೇ ಇರುವುದಿಲ್ಲ.

ಬ್ರಾಡ್‌ಕಾಮ್‌ನ ಟಿಜಿ3 ಡ್ರೈವರ್‌ನ 5719, 5720 ಚಿಪ್‌ಗಳು ಸರ್ವರ್‌ಗಳಲ್ಲಿ ವರ್ಷಗಟ್ಟಲೆ ದುಡಿದಿವೆ. ನಾಲ್ಕು ಪೋರ್ಟಿನ ಎಚ್‌ಪಿ 331ಟಿ ಒಳಗೆ 5719 ಇದೆ. ಐ350 ಸಿಗದಿದ್ದರೆ ನನ್ನ ಎರಡನೇ ಆಯ್ಕೆ. ಅದಕ್ಕಿಂತ ಹಳೆಯ ಬಿಎನ್‌ಎಕ್ಸ್2 ಡ್ರೈವರ್‌ನ 5709ಗೆ ಪ್ರತ್ಯೇಕ ಫರ್ಮ್‌ವೇರ್ ಫೈಲ್ ಬೇಕು. ಅದಿಲ್ಲದಿದ್ದರೆ ಪೋರ್ಟ್ ಏಳುವುದೇ ಇಲ್ಲ. ಡೆಬಿಯನ್ ಲಿನಕ್ಸ್ 12ರಿಂದ ಇಂಥ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ, ಹಾಗಾಗಿ ಈಗ ಅಷ್ಟು ಪರದಾಟ ಇಲ್ಲ.

10 ಗಿಗಾಬಿಟ್ ಬೇಕಾದವರಿಗೆ ಇಂಟೆಲ್ ಎಕ್ಸ್520 ಅಥವಾ ಮೆಲನಾಕ್ಸ್ ಕನೆಕ್ಟ್‌ಎಕ್ಸ್-3 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಎಕ್ಸ್520 ತನಗೆ ಗುರುತಿಲ್ಲದ ಎಸ್‌ಎಫ್‌ಪಿ ಮಾಡ್ಯೂಲ್ (ಕೇಬಲ್ ಜೋಡಿಸಲು ಪೋರ್ಟಿಗೆ ಸಿಕ್ಕಿಸುವ ತುಂಡು) ಹಾಕಿದರೆ ಮುನಿಸಿಕೊಳ್ಳುತ್ತದೆ. ಐಎಕ್ಸ್‌ಜಿಬಿಇ ಡ್ರೈವರ್‌ಗೆ 'ಅಲೋ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ' ಅನ್ನುವ ಆಯ್ಕೆ ಕೊಟ್ಟರೆ ಒಪ್ಪುತ್ತದೆ. ಇವು ಸರ್ವರ್‌ನ ಜೋರು ಗಾಳಿಗೆ ಮಾಡಿದ ಕಾರ್ಡ್‌ಗಳು. ಮನೆಯ ಕೇಸ್‌ನಲ್ಲಿ ಹಾಕಿದರೆ ಮೇಲೊಂದು ಸಣ್ಣ ಫ್ಯಾನ್ ಇರಲಿ.

ಯುಎಸ್‌ಬಿ ಅಡಾಪ್ಟರ್ ಬೇಡ. ಅರ್ಧರಾತ್ರಿ ಪೋರ್ಟ್ ಸುಟ್ಟುಹೋದಾಗ ಬೆಳಗಾಗುವ ತನಕ ಕಾಲ ತಳ್ಳಲು ಮಾತ್ರ ಒಂದು ಇಟ್ಟುಕೊಳ್ಳಿ.

ಹೆಜ್ಜೆ 4: ಕೊಳ್ಳುವುದು

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ. ಸರ್ವರ್‌ಗಳಿಂದ ಕಳಚಿದ ಕಾರ್ಡ್ ಕೇಳಿದರೆ ಯಾರಾದರೂ ಒಳಗಿನಿಂದ ಒಂದು ರಟ್ಟಿನ ಡಬ್ಬ ತೆಗೆದು ಮುಂದಿಡುತ್ತಾರೆ. ಅದರಲ್ಲಿ ಕೈಯಾಡಿಸುವುದೇ ಒಂದು ಸುಖ. ಬೇರೆ ಊರಿನವರಿಗೆ ಆನ್‌ಲೈನ್.

ನನ್ನ ಮಟ್ಟಿಗೆ ಹೊಸ ನಕಲಿಗಿಂತ ಹಳೆಯ ಅಸಲಿ ಮೇಲು. ಐ350 ತುಂಬಾ ಬೇಡಿಕೆಯ ಕಾರ್ಡ್ ಆದ್ದರಿಂದ ಅದರ ನಕಲು ಮಾರುಕಟ್ಟೆ ತುಂಬಾ ಇದೆ. ಹೊಚ್ಚಹೊಸ, ಸೀಲ್ ಇರುವ ಡಬ್ಬ, ಬೆಲೆ ಮಾತ್ರ ಎಲ್ಲರಿಗಿಂತ ಕಮ್ಮಿ ಅಂದರೆ ಅನುಮಾನ ಪಡಿ. ಸರ್ವರ್ ಕಂಪನಿಗಳ ಹೆಸರಿನ ಸ್ಟಿಕರ್, ಪಾರ್ಟ್ ನಂಬರ್ ಇರುವ, ಸ್ವಲ್ಪ ಧೂಳು ಹಿಡಿದ ಕಳಚಿದ ಕಾರ್ಡ್ ನಕಲಾಗಿರುವ ಸಂಭವ ಕಮ್ಮಿ.

ಅಂಗಡಿಗೆ ಹೋಗುವಾಗ ಲಿನಕ್ಸ್ ಇರುವ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಅವರ ಟೆಸ್ಟ್ ಬೆಂಚ್‌ನಲ್ಲೇ ಕಾರ್ಡ್ ಹಾಕಿ ಬೂಟ್ ಮಾಡಲು ಕೇಳಿ. ಎಲ್‌ಎಸ್‌ಪಿಸಿಐ ಡ್ಯಾಶ್ ಎನ್‌ಎನ್ ಅಂತ ಕೊಟ್ಟರೆ ಪ್ರತಿ ಸಾಲಿನಲ್ಲೂ ಎರಡು ಅಂಕಿಗಳ ಜೋಡಿ ಬರುತ್ತದೆ. ಮೊದಲನೆಯದು ತಯಾರಕರದು: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 15ಬಿ3 ಮೆಲನಾಕ್ಸ್. ಎರಡನೆಯದು ಚಿಪ್‌ನದು. ತಾಮ್ರದ ಐ350 ಆದರೆ 1521, ಐ210 ಆದರೆ 1533, ಐ211 ಆದರೆ 1539. ಹೆಸರನ್ನು ಸ್ಟಿಕರ್‌ನಲ್ಲಿ ಏನು ಬೇಕಾದರೂ ಅಚ್ಚು ಹಾಕಬಹುದು. ಈ ಅಂಕಿ ಕೂಡ ನಕಲಿನಲ್ಲಿ ಸರಿಯಾಗೇ ಬರಬಹುದು, ಆದರೆ ಬೇರೆ ಬಂದರಂತೂ ಅಲ್ಲಿಗೇ ವ್ಯಾಪಾರ ಮುಗಿಯಿತು. ಕಾರ್ಡಿನ ಮೇಲೆ ಅಂಟಿಸಿದ ಮ್ಯಾಕ್ ವಿಳಾಸವೂ (ಪ್ರತಿ ಪೋರ್ಟಿಗೂ ತಯಾರಕರು ಕೊಡುವ ಗುರುತಿನ ಅಂಕಿ) ಲಿನಕ್ಸ್ ತೋರಿಸುವ ಮ್ಯಾಕ್ ವಿಳಾಸವೂ ಒಂದೇ ಇದೆಯಾ ನೋಡಿ. ಪೋರ್ಟ್‌ಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಂಗಾರ ಬಣ್ಣದ ಎಂಟು ಪಿನ್‌ಗಳಲ್ಲಿ ಒಂದು ಬಾಗಿದ್ದರೂ ಬೇಡ.

ಹೆಜ್ಜೆ 5: ಹಾಕಿದ ಮೇಲೆ ಮೊದಲ ಹತ್ತು ನಿಮಿಷ

ಎಲ್‌ಎಸ್‌ಪಿಸಿಐ ಡ್ಯಾಶ್ ಕೆ ಕೊಟ್ಟು ಯಾವ ಡ್ರೈವರ್ ಹಿಡಿದಿದೆ ಅಂತ ನೋಡಿ. ಆಮೇಲೆ ರೂಟ್ ಆಗಿ ಎಲ್‌ಎಸ್‌ಪಿಸಿಐ ಡ್ಯಾಶ್ ವಿವಿ. ಅದರಲ್ಲಿ ಕಾರ್ಡ್ ಎಷ್ಟು ಲೇನ್ ಬಲ್ಲದು ಅಂತ ಒಂದು ಸಾಲು, ಈಗ ಎಷ್ಟರಲ್ಲಿ ಓಡುತ್ತಿದೆ ಅಂತ ಇನ್ನೊಂದು ಸಾಲು ಇರುತ್ತದೆ. ನಾಲ್ಕು ಬಲ್ಲ ಕಾರ್ಡ್ ಒಂದರಲ್ಲಿ ಓಡುತ್ತಿದ್ದರೆ ಸ್ಲಾಟ್ ಉದ್ದ ಇದ್ದರೂ ಒಳಗಿನ ತಂತಿ ಕಮ್ಮಿ ಅಂತ ಅರ್ಥ. ಇಲ್ಲವೇ ಕಾರ್ಡಿನ ಅಂಚು ಕೊಳೆಯಾಗಿರುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ.

ಕೇಬಲ್ ಹಾಕಿ ಈಥ್‌ಟೂಲ್ (ಪೋರ್ಟಿನ ಸ್ಥಿತಿ ತೋರಿಸುವ ಕಮಾಂಡ್) ಕೊಟ್ಟು ವೇಗ ನೋಡಿ. 1000 ಬದಲು 100 ಅಂತ ತೋರಿಸಿದರೆ ಕಾರ್ಡನ್ನು ಬೈಯಬೇಡಿ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಎಲ್ಲೋ ಒಂದು ತಂತಿ ಕ್ರಿಂಪ್ ಸರಿಯಾಗಿಲ್ಲ, ಅಷ್ಟೇ.

ಹೆಜ್ಜೆ 6: ಗೋಳಾಡಿಸಿ ನೋಡಿ

ಫೈರ್‌ವಾಲ್ ಮೇಲೆಯೇ ಐಪರ್ಫ್3 (ಜಾಲದ ವೇಗ ಅಳೆಯುವ ಕಮಾಂಡ್) ಓಡಿಸಿ ಖುಷಿಪಡುವವರಿದ್ದಾರೆ. ಅದು ಸರಿಯಾದ ಪರೀಕ್ಷೆಯಲ್ಲ. ಪ್ಯಾಕೆಟ್ ಪೆಟ್ಟಿಗೆಯನ್ನು ಹಾದುಹೋಗಬೇಕು. ಒಂದು ಲ್ಯಾಪ್‌ಟಾಪ್ ಒಳಬದಿಗೆ, ಇನ್ನೊಂದು ಹೊರಬದಿಗೆ. ಹೊರಗಿನದರಲ್ಲಿ ಸರ್ವರ್, ಒಳಗಿನದರಲ್ಲಿ ಕ್ಲೈಂಟ್. ಗಿಗಾಬಿಟ್‌ನಲ್ಲಿ ಟಿಸಿಪಿಗೆ ಸಿಗುವ ಗರಿಷ್ಠ ಸುಮಾರು 941 ಎಂಬಿಪಿಎಸ್. ಉಳಿದದ್ದು ಹೆಡರ್‌ಗಳಿಗೆ ಹೋಗುತ್ತದೆ. 930ರ ಮೇಲೆ ಬಂದರೆ ಸರಿ. ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು ಉಲ್ಟಾ ದಿಕ್ಕಿಗೂ ಓಡಿಸಿ.

ಅದು ಸುಲಭದ ಪರೀಕ್ಷೆ. ಈಗ ಅದೇ ಐಪರ್ಫ್3ಗೆ ಯುಡಿಪಿ (ಸ್ವೀಕೃತಿಗೆ ಕಾಯದೆ ಕಳಿಸುವ ಬಗೆ), 64 ಬೈಟ್, ವೇಗದ ಮಿತಿ ಸೊನ್ನೆ ಅಂತ ಕೊಡಿ; ಸೊನ್ನೆ ಅಂದರೆ ಮಿತಿಯೇ ಇಲ್ಲ. ಲ್ಯಾಪ್‌ಟಾಪ್ 14 ಲಕ್ಷ ಪ್ಯಾಕೆಟ್ ಕಳಿಸಲಾರದು, ಪರವಾಗಿಲ್ಲ. ಕಳಿಸಿದಷ್ಟರಲ್ಲಿ ಪೆಟ್ಟಿಗೆ ಹೇಗಿದೆ ನೋಡಬೇಕು. ಟಾಪ್ ಕಮಾಂಡ್ ತೆರೆದು 'ಎಸ್‌ಐ' ಅನ್ನುವ ಅಂಕಿ (ಪ್ಯಾಕೆಟ್ ಎತ್ತುವಂಥ ಕೆಲಸಕ್ಕೆ ಪ್ರೊಸೆಸರ್ ಕೊಟ್ಟ ಸಮಯ) ನೋಡಿ. ಒಂದೇ ಕೋರ್ ನೂರಕ್ಕೆ ತಾಗಿ ಉಳಿದವು ಸುಮ್ನೆ ಕೂತಿದ್ದರೆ ಪ್ಯಾಕೆಟ್‌ಗಳು ಹಂಚಿಕೆಯಾಗುತ್ತಿಲ್ಲ.

ರಾತ್ರಿಯಿಡೀ ಓಡಿಸಿ. ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತಾ ಈಥ್‌ಟೂಲ್‌ಗೆ ದೊಡ್ಡಕ್ಷರದ ಎಸ್ ಕೊಟ್ಟು ಲೆಕ್ಕ ನೋಡಿ. ಉದ್ದ ಪಟ್ಟಿ ಬರುತ್ತದೆ, ಹೆದರಬೇಡಿ. ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಪ್ಯಾಕೆಟ್‌ಗಳ ಲೆಕ್ಕ) ಸೊನ್ನೆ ಇರಬೇಕು. ಏರುತ್ತಿದ್ದರೆ ತಂತಿ, ಕನೆಕ್ಟರ್ ಅಥವಾ ಆ ಕಡೆಯ ಪೋರ್ಟ್ ಕೆಟ್ಟಿದೆ. 'ಮಿಸ್ಡ್' ಅಥವಾ 'ನೋ ಬಫರ್' ಏರಿದ್ದರೆ ತಂತಿ ಸರಿ ಇದೆ, ಪ್ರೊಸೆಸರ್ ಬಂದು ಎತ್ತಿಕೊಳ್ಳುವಷ್ಟರಲ್ಲಿ ಬುಟ್ಟಿ ತುಂಬಿಹೋಗಿದೆ. ಇವೆರಡರ ವ್ಯತ್ಯಾಸ ತಿಳಿದರೆ ಅರ್ಧ ಜಗಳ ಮುಗಿದ ಹಾಗೆ. ಕರ್ನಲ್ ಲಾಗ್‌ನಲ್ಲಿ ವಾಚ್‌ಡಾಗ್, ಹ್ಯಾಂಗ್, ರೀಸೆಟ್ ಅನ್ನುವ ಒಂದೇ ಒಂದು ಸಾಲು ಬಂದಿದ್ದರೂ ಆ ಕಾರ್ಡ್ ವಾಪಸ್. ಪರೀಕ್ಷೆಯ ರಾತ್ರಿ ಒಂದು ಸಲ ಬಿದ್ದದ್ದು ಕೆಲಸದ ದಿನ ಹತ್ತು ಸಲ ಬೀಳುತ್ತದೆ.

ಹೆಜ್ಜೆ 7: ಸ್ವಲ್ಪ ತಿದ್ದುಪಡಿ

ಒಳ್ಳೆಯ ಕಾರ್ಡಿಗೆ ತಿದ್ದುಪಡಿ ಹೆಚ್ಚು ಬೇಕಾಗುವುದಿಲ್ಲ. ಯಾರೋ ಬರೆದ ಇಪ್ಪತ್ತು ಸಾಲಿನ ಟ್ಯೂನಿಂಗ್ ಸ್ಕ್ರಿಪ್ಟ್ ತಂದು ಸುರಿಯಬೇಡಿ.

'ಮಿಸ್ಡ್' ಏರುತ್ತಿದ್ದರೆ ಬುಟ್ಟಿ ದೊಡ್ಡದು ಮಾಡಿ. ಐಜಿಬಿಯಲ್ಲಿ ಈ ಬುಟ್ಟಿಯ, ಅಂದರೆ ರಿಂಗ್‌ನ, ಗಾತ್ರ 256 ಇರುತ್ತದೆ, 4096 ತನಕ ಏರಿಸಬಹುದು. ನೇರ 4096ಕ್ಕೆ ಹಾರದೆ 1024ಕ್ಕೆ ಹೋಗಿ ನೋಡಿ. ಬುಟ್ಟಿ ತುಂಬಾ ದೊಡ್ಡದಾದರೆ ಪ್ಯಾಕೆಟ್‌ಗಳು ಅದರಲ್ಲೇ ಕಾಯುತ್ತಾ ಕೂರುತ್ತವೆ, ಫೋನ್ ಕರೆಯ ದನಿ ತಡವಾಗುತ್ತದೆ. ಇಇಇ ಅಂತ ಕರೆಂಟ್ ಉಳಿಸುವ ಇನ್ನೊಂದು ಸೌಲಭ್ಯ ಇದೆ. ಲಿಂಕ್ ಆಗಾಗ ಬಿದ್ದು ಏಳುತ್ತಿದ್ದರೆ ಅದನ್ನು ಆಫ್ ಮಾಡಿ ನೋಡಿ. ಎಲ್‌ಆರ್‌ಒ (ಬಂದ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿ ದೊಡ್ಡದು ಮಾಡುವ ಸೌಲಭ್ಯ) ರೂಟರ್‌ಗೆ ಆಗಿಬರುವುದಿಲ್ಲ. ಫಾರ್ವರ್ಡಿಂಗ್ (ಒಂದು ಬದಿಯ ಪ್ಯಾಕೆಟ್ ಇನ್ನೊಂದು ಬದಿಗೆ ದಾಟಿಸುವುದು) ಆನ್ ಮಾಡಿದ ಕೂಡಲೇ ಕರ್ನಲ್ ತಾನೇ ಅದನ್ನು ಆಫ್ ಮಾಡುತ್ತದೆ. ಅದೇ ಕೆಲಸವನ್ನು ಕರ್ನಲ್ ಮಾಡುವ ಜಿಆರ್‌ಒ ಇರಲಿ, ಅದು ಒಳ್ಳೆಯದೇ ಮಾಡುತ್ತದೆ.

ಈಗ ಪಿಪಿಪಿಒಇ ಕಥೆ. ಬಂದ ಪ್ಯಾಕೆಟ್ಟಿನ ಐಪಿ ವಿಳಾಸ, ಅದರೊಳಗೆ ಬರೆದ ಪೋರ್ಟ್ ಸಂಖ್ಯೆ ನೋಡಿ ಕಾರ್ಡ್ ಅದನ್ನು ಯಾವ ಸಾಲಿಗೆ ಹಾಕಬೇಕು ಅಂತ ನಿರ್ಧರಿಸುತ್ತದೆ. ಪಿಪಿಪಿಒಇಯಲ್ಲಿ ಐಪಿ ಪ್ಯಾಕೆಟ್ ಇನ್ನೊಂದು ಲಕೋಟೆಯ ಒಳಗೆ ಬರುತ್ತದೆ. ನಾನು ಮೇಲೆ ಹೊಗಳಿದ ಐಜಿಬಿ ಚಿಪ್‌ಗಳೂ ಆ ಲಕೋಟೆ ಬಿಚ್ಚಿ ನೋಡುವುದಿಲ್ಲ. ಎಲ್ಲವನ್ನೂ ಮೊದಲ ಸಾಲಿಗೇ ಹಾಕುತ್ತವೆ. ಎಂಟು ಸಾಲಿದ್ದರೂ ದುಡಿಯುವುದು ಒಂದೇ ಕೋರ್! ಹಾಗಾಗಿ ಪಿಪಿಪಿಒಇ ಲೈನ್ ಇರುವವರು ಸಾಲುಗಳ ಸಂಖ್ಯೆಗೆ ಜಾಸ್ತಿ ದುಡ್ಡು ಕೊಡುವ ಬದಲು, ಒಂದೊಂದು ಕೋರ್ ಜೋರಾಗಿ ಓಡುವ ಪ್ರೊಸೆಸರ್‌ಗೆ ಕೊಡುವುದು ಮೇಲು. ಲಿನಕ್ಸ್‌ನಲ್ಲಿ ಇದಕ್ಕೆ ಆರ್‌ಪಿಎಸ್ ಅನ್ನುವ ಉಪಾಯ ಇದೆ. ಕರ್ನಲ್ ತಾನೇ ಲಕೋಟೆಯ ಒಳಗೆ ಇಣುಕಿ ಪ್ಯಾಕೆಟ್‌ಗಳನ್ನು ಬೇರೆ ಕೋರ್‌ಗಳಿಗೆ ಹಂಚುತ್ತದೆ. ಸಿಸ್ ಫೋಲ್ಡರ್‌ನಲ್ಲಿ ಆ ಪೋರ್ಟಿನ ಆರ್‌ಎಕ್ಸ್-0 ಸಾಲಿನ ಕೆಳಗೆ ಆರ್‌ಪಿಎಸ್ ಸಿಪಿಯುಸ್ ಅನ್ನುವ ಫೈಲ್ ಇರುತ್ತದೆ. ನಾಲ್ಕು ಕೋರ್ ಇದ್ದರೆ ಅದಕ್ಕೆ ಎಫ್ ಅಂತ ಒಂದಕ್ಷರ ಬರೆಯಿರಿ. ಪುಟ್ಟ ಪ್ರೊಸೆಸರ್‌ನ ಪೆಟ್ಟಿಗೆಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಹೆಜ್ಜೆ 8: ಸಿಡಿಲು, ಸ್ಟಿಕರ್, ಇನ್ನೊಂದು ಕಾರ್ಡ್

ಮಲೆನಾಡು, ಕರಾವಳಿಯವರಿಗೆ ಇದು ಹೇಳಬೇಕಾಗಿಯೇ ಇಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ಎಷ್ಟೋ ಕಾರ್ಡ್‌ಗಳು ಸಾಯುವುದು ಚಿಪ್ಪಿನ ದೋಷದಿಂದಲ್ಲ. ಮನೆಯಿಂದ ತೋಟದ ಮನೆಗೆ, ಅಂಗಡಿಯಿಂದ ಗೋದಾಮಿಗೆ ಹೊರಗಡೆ ಎಳೆದ ತಾಮ್ರದ ಕೇಬಲ್‌ನಿಂದ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಸಾಕು, ತಂತಿಯಲ್ಲಿ ಹರಿದು ಬಂದು ಪೋರ್ಟ್ ಸುಡುತ್ತದೆ. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಇದು ತಪ್ಪುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಹಾಕಿ. ಸುಟ್ಟರೆ ಅದರ ಅಡಾಪ್ಟರ್ ಸುಡಬಹುದು, ಫೈರ್‌ವಾಲ್ ಉಳಿಯುತ್ತದೆ.

ನಾಲ್ಕು ಪೋರ್ಟಿನ ಕಾರ್ಡಿನಲ್ಲಿ ಯಾವುದು ಯಾವ ಹೆಸರು ಅಂತ ತಿಳಿಯಲು ಕೇಬಲ್ ಕಿತ್ತು ಹಾಕಿ ಆಟ ಆಡಬೇಡಿ. ಈಥ್‌ಟೂಲ್ ಡ್ಯಾಶ್ ಪಿ ಕೊಟ್ಟು ಪೋರ್ಟಿನ ಹೆಸರು, 10 ಅಂತ ಬರೆಯಿರಿ. ಹತ್ತು ಸೆಕೆಂಡ್ ಆ ಪೋರ್ಟಿನ ದೀಪ ಮಿಟುಕುತ್ತದೆ. ಓಡಿಹೋಗಿ ಹಿಂದೆ ನೋಡಿ ಸ್ಟಿಕರ್ ಅಂಟಿಸಿ: ಹೊರಗೆ, ಒಳಗೆ, ಕ್ಯಾಮೆರಾ. ಕಾರ್ಡನ್ನು ಬೇರೆ ಸ್ಲಾಟ್‌ಗೆ ಬದಲಿಸಿದರೆ ಲಿನಕ್ಸ್ ಕೊಡುವ ಹೆಸರೂ ಬದಲಾಗುತ್ತದೆ, ಏಕೆಂದರೆ ಆ ಹೆಸರಿನಲ್ಲೇ ಸ್ಲಾಟಿನ ಅಂಕಿ ಇರುತ್ತದೆ. ಹಾಗಾಗದಂತೆ ಮ್ಯಾಕ್ ವಿಳಾಸಕ್ಕೆ ನಿಮ್ಮದೇ ಹೆಸರು ಕಟ್ಟಿ. ಸಿಸ್ಟಮ್‌ಡಿಯ ಲಿಂಕ್ ಫೈಲ್‌ನಲ್ಲಿ ನಾಲ್ಕು ಸಾಲಿನ ಕೆಲಸ.

ಕೊನೆಗೆ, ಅದೇ ಚಿಪ್‌ನ ಇನ್ನೊಂದು ಕಾರ್ಡ್ ಕೊಂಡು ಅದೇ ಪರೀಕ್ಷೆ ಮಾಡಿ ಪೆಟ್ಟಿಗೆಯ ಪಕ್ಕದಲ್ಲೇ ಇಡಿ. ಆ ಲೆಕ್ಕಪತ್ರದ ಕಚೇರಿಯಲ್ಲಿ ಈಗ ಹಾಗೇ ಇದೆ. ಒಂದು ಐ350 ಒಳಗೆ, ಇನ್ನೊಂದು ಬೀರುವಿನಲ್ಲಿ ಬೆಳ್ಳಿ ಬಣ್ಣದ ಕವರ್‌ನಲ್ಲಿ. ಕವರ್ ಮೇಲೆ ಅದರ ಮ್ಯಾಕ್ ವಿಳಾಸಗಳು, ಪರೀಕ್ಷೆ ಮಾಡಿದ ತಾರೀಕು, ಕೆಳಗೆ ಅಲ್ಲಿನ ಅಕೌಂಟೆಂಟ್ ಅಕ್ಷರದಲ್ಲಿ 'ಇವರನ್ನು ಕೇಳದೆ ಮುಟ್ಟಬಾರದು' ಅಂತ ಬರೆದು ನನ್ನ ನಂಬರ್.